ಮರಳುವ ದಿನಾಂಕ

ನೈಲ್ ನದಿಯ ಪಡುವಣ ದಡದಲ್ಲಿರುವ ನಮ್ಮ ಊರಿನ ಚರ್ಚಿಗೆ ಅಂತರ್ಜಾಲ ಪುಟವೊಂದನ್ನು ಕಟ್ಟಿಕೊಟ್ಟವನು ನಾನೇ. ಕುವೈತ್, ಬೆಂಗಾಜಿ, ಅಮ್ಮಾನ್ ಎಂದು ಹದಿನಾರು ವರ್ಷ ಅಲೆದು ಮರಳಿದವನಿಗೆ ಊರಿಗೆ ಕೊಡಲು ಬೇರೆ ವಿದ್ಯೆಯಿರಲಿಲ್ಲ. ಅದುವರೆಗೆ ವಾರದ ರಜೆಯಾದ ಶುಕ್ರವಾರದ ಪೂಜೆಗೆ ಮುನ್ನ ಜನರು ಹೆಸರುಗಳ ಚೀಟಿಗಳನ್ನು ಪಾದ್ರಿಗಳ ಕೈಗಿಡುತ್ತಿದ್ದರು: ರೋಗಿಗಳದ್ದು, ಪ್ರಯಾಣಿಕರದ್ದು, ತೀರಿಕೊಂಡವರದ್ದು. ಅವರು ಪೀಠದ ಮುಂದೆ ನಿಂತು ಒಂದೊಂದನ್ನೇ ಓದಬೇಕಿತ್ತು.

"ವಾಸಿಲಿಯ ಅಕ್ಷರ ಓದೋಕೆ ಪವಿತ್ರಾತ್ಮನೇ ಇಳಿದು ಬರಬೇಕು ಮಾರಾಯ," ಎಂದಿದ್ದರು ಪಾದ್ರಿ ಅಬೂನಾ ಬಿಸಂತಿ. "ಹೋದ ವಾರ ಅವನ ಕತ್ತೆಗೂ ಪ್ರಾರ್ಥನೆ ಮಾಡಿಬಿಟ್ಟೆನೋ ಏನೋ."

ಈಗ ಸಿಡ್ನಿಯಲ್ಲಿದ್ದವರೂ ಹೆಸರು ಕಳಿಸಬಹುದಾಗಿತ್ತು. ಊರಿಗೆ ಬಂದು ಚಹದಂಗಡಿಯಲ್ಲಿ ಕುಳಿತವರಿಗೂ ನಾವು ಸುಖಪ್ರಯಾಣ ಕೋರುತ್ತಿದ್ದುದರಿಂದ, ಪ್ರಯಾಣಿಕರ ಹೆಸರಿನ ಜೊತೆ ಮರಳುವ ದಿನಾಂಕವನ್ನೂ ಕೇಳುವಂತೆ ಮಾಡಿದೆ. ಆ ದಿನ ಕಳೆದರೆ ಹೆಸರು ತಾನಾಗಿ ಅಳಿಯುತ್ತಿತ್ತು.

ನಾನು ಚಿಕ್ಕಮ್ಮ ಎನ್ನುತ್ತಿದ್ದ ನೆರೆಮನೆಯ ಇನ್ಸಾಫಳಿಗೆ ಓದು ಬರಹವಿಲ್ಲ. ಮಗನ ಹೆಸರು ಹಾಕಿಸಲು ನನ್ನ ಕಂಪ್ಯೂಟರ್ ಅಂಗಡಿಗೇ ಬಂದಳು. ಅವಳ ಮಗ ಬಖೂಮ್ ಎರಡು ವರ್ಷಗಳ ಹಿಂದೆ ಲಿಬಿಯಾದ ದಡದಲ್ಲಿ ಇಟಲಿಗೆ ಹೋಗುವ ದೋಣಿ ಹತ್ತಿದ್ದ. ದೋಣಿ ತಲುಪಿದ ಸುದ್ದಿಯಿಲ್ಲ, ಮುಳುಗಿದ ಸುದ್ದಿಯೂ ಇಲ್ಲ. ಆಕೆ ಶೋಕದ ಕಪ್ಪು ಉಟ್ಟಿರಲಿಲ್ಲ, ಸತ್ತವರಿಗೆ ಮಾಡುವ ನಲವತ್ತನೆಯ ದಿನದ ಪ್ರಾರ್ಥನೆಗೂ ಒಪ್ಪಿರಲಿಲ್ಲ. ಪ್ರಯಾಣಿಕರ ಸಾಲಿನಲ್ಲಿ ಅವನ ಹೆಸರು ಕಿವಿಗೆ ಬಿದ್ದ ಮೇಲೆಯೇ ಮನೆಗೆ ಹೋಗಿ ಒಲೆ ಹಚ್ಚುತ್ತಿದ್ದಳು.

"ಯಾವತ್ತು ಬರ್ತಾನೆ ಅಂತ ಕೇಳ್ತಿದೆ, ಚಿಕ್ಕಮ್ಮ."

"ಯಾರು ಕೇಳ್ತಿರೋದು?"

"ಈ ಪುಟ."

"ಅದಕ್ಕೇನು ಅಷ್ಟು ಅವಸರ? ಕ್ರಿಸ್ತಜಯಂತಿಗೆ ಅಂತ ಹಾಕು. ಬಾತುಕೋಳಿ ಮೇಯಿಸ್ತಿದ್ದೀನಿ, ಅವನಿಗೆ ಇಷ್ಟ."

ಹಾಗೆಯೇ ಬರೆದೆ. ಹಬ್ಬ ಕಳೆದೊಡನೆ ದಿನಾಂಕ ಮುಂದೂಡಬೇಕೆಂಬುದು ಮರೆತೇಹೋಯಿತು.

ಹಬ್ಬದ ನಂತರದ ಶುಕ್ರವಾರ ಅಬೂನಾ ಕೈಯಲ್ಲಿದ್ದ ಫೋನಿನ ಬೆಳಗುವ ಪರದೆಯಿಂದ ಒಂದೂ ಕಡೆ ತಡವರಿಸದೆ ಹೆಸರುಗಳನ್ನು ಓದಿ ಮುಗಿಸಿದರು. ಪೂಜೆಯ ಸಹಾಯಕನ ಬಿಳಿಯಂಗಿ ತೊಟ್ಟು ಅವರ ಮಗ್ಗುಲಲ್ಲೇ ನಿಂತಿದ್ದ ನನಗೆ ಏನೂ ಕೊರತೆ ಕಾಣಲಿಲ್ಲ.

ಪೂಜೆ ಮುಗಿದ ಮೇಲೆ ಅವಳು ನೇರ ಅಂಗಡಿಗೆ ಬಂದಳು.

"ಅವನ ಹೆಸರು ಓದಲಿಲ್ಲ."

ಪಟ್ಟಿ ತೆರೆದು ನೋಡಿದೆ. ಹೆಸರಿರಲಿಲ್ಲ. "ತಪ್ಪು ನಂದೇ. ದಿನ ಮುಗೀತು ಅಂತ ಅದು ಅಳಿಸಿದೆ. ಎರಡು ನಿಮಿಷ ತಾಳಿ, ದಿನ ಕೇಳೋದನ್ನೇ ತೆಗೆದುಹಾಕ್ತೀನಿ."

"ನಿನಗೆ ಗೊತ್ತಾಯ್ತಾ, ಓದಲಿಲ್ಲ ಅಂತ?"

ನಾನು ದಿನಾಂಕ ಕೇಳುವ ಸಾಲನ್ನು ಅಳಿಸತೊಡಗಿದೆ.

"ಅಬೂನಾಗೂ ಗೊತ್ತಾಗಲಿಲ್ಲ. ನನ್ನ ಪಕ್ಕದಲ್ಲೇ ಕೂತಿದ್ದ ಅವನ ಸೋದರತ್ತೆಗೂ ಗೊತ್ತಾಗಲಿಲ್ಲ. ನೀವೆಲ್ಲ ಯಾವತ್ತೋ ಅವನನ್ನ ಬಿಟ್ಟಿದ್ದೀರಿ, ನಾನೊಬ್ಬಳೇ ಹಿಡ್ಕೊಂಡು ಕೂತಿದ್ದೆ." ನನ್ನ ಫೋನಿನತ್ತ ಬೆರಳು ತೋರಿಸಿ ಕೇಳಿದಳು: "ತೀರಿಕೊಂಡೋರಿಗೂ ದಿನ ಕೇಳುತ್ತಾ ಇದು?"

"ಇಲ್ಲ."

"ಅಲ್ಲಿಂದ ಯಾರನ್ನಾದರೂ ತೆಗೀತೀರಾ?"

"ಯಾರನ್ನೂ ತೆಗೆಯಲ್ಲ."

"ಹಾಗಾದರೆ ಅಲ್ಲಿಗೆ ಹಾಕು."

"ಬೇಡ ಚಿಕ್ಕಮ್ಮ..."

"ಹಾಕಪ್ಪ. ನಾನು ಹೋದ ಮೇಲೂ ಯಾರಾದರೂ ಅವನ ಹೆಸರು ಓದಬೇಕಲ್ಲ."

ಬರೆದೆ. ಎಲ್ಲಿದೆ ತೋರಿಸು ಎಂದಳು. ಫೋನನ್ನು ಅವಳ ಮುಂದೆ ಹಿಡಿದು ಆ ಸಾಲನ್ನು ತೋರಿಸಿದೆ. ಅಕ್ಷರ ಬಾರದವಳು ಅದರ ಮೇಲೆ ಮೆಲ್ಲನೆ ಬೆರಳೆಳೆದಳು; ಪಟ್ಟಿ ಜಾರಿ ಹೆಸರು ಪರದೆಯಿಂದಾಚೆ ಸರಿಯಿತು. ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಳು.

"ಎಲ್ಲಿ ಹೋದ?"

"ಇಲ್ಲೇ ಇದ್ದಾನೆ ಚಿಕ್ಕಮ್ಮ," ಎಂದು ನಾನು ಪಟ್ಟಿಯನ್ನು ಮತ್ತೆ ಕೆಳಗೆಳೆಯತೊಡಗಿದೆ.