ವಿಲ್ಫನ ಜೋಡುನಳಿಗೆ

“ವಾಪಸ್ ತಗೊಂಡು ಹೋಗು ಗ್ವಿನ್. ಸ್ಪ್ರಿಂಗ್ ಮುರಿದಿದೆ ಅಂತ ಹೇಳಿಬಿಡು,” ಎನ್ನುತ್ತ ಎನಿಡ್ ಕೋವಿಯ ಪೆಟ್ಟಿಗೆಯನ್ನು ಅಡುಗೆಮನೆಯ ಮೇಜಿನ ಆಚೆ ಬದಿಗೆ ತಳ್ಳಿದಳು. ಹನ್ನೊಂದು ಗಂಟೆಗೆ ತೀರಿಕೊಂಡ ಗಂಡ ವಿಲ್ಫನನ್ನು ಚರ್ಚಿಗೆ ಒಯ್ಯಬೇಕಿತ್ತು. ಅವಳಿನ್ನೂ ಏಪ್ರನ್ ಬಿಚ್ಚಿರಲಿಲ್ಲ, ಕೈಗೆಲ್ಲ ಸಾಸಿವೆ ಮೆತ್ತಿತ್ತು. ನಲವತ್ತು ಜನಕ್ಕೆ ಹ್ಯಾಮ್ ಸ್ಯಾಂಡ್‌ವಿಚ್ ಮಾಡುವುದೆಂದರೆ ಹುಡುಗಾಟವಲ್ಲ.

ಗ್ವಿನ್ ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಸುತ್ತ ಹತ್ತೂರಿಗೆ ಅವನೊಬ್ಬನೇ ಕೋವಿ ರಿಪೇರಿಯವನು. ವಿಲ್ಫ್ ತೀರಿಕೊಂಡ ಮಾರನೇ ದಿನವೇ ಕೋವಿಯನ್ನು ಕಾನೂನಿನಂತೆ ಅಂಗಡಿಗೆ ಒಯ್ದು ಬೀಗ ಹಾಕಿಟ್ಟಿದ್ದವನು ಇವತ್ತು ಬೆಳಗ್ಗೆ ಒರೆಸಿ ತಂದಿದ್ದ.

“ನಾನು ಎಣ್ಣೆ ಹಾಕಿಟ್ಟ ಕೋವೀಲಿ ಸ್ಪ್ರಿಂಗ್ ಮುರೀತು ಅಂದ್ರೆ ಸ್ಟ್ಯಾನ್ ನಂಬ್ತಾನಾ? ಎಲ್ಲಿ ಕೊಡು ನೋಡೋಣ ಅಂತಾನೆ.”

“ಹಾಗಾದ್ರೆ ಆ ಸೊಟ್ಟ ಹಿಡಿಮರಾನಾದ್ರೂ ನೆಟ್ಟಗೆ ಮಾಡಿಕೊಡು.”

“ಎರಡು ಗಂಟೇಲಾ? ಬಿಸಿ ಎಣ್ಣೆ ಸುರಿದು ಸುರಿದು ಕೂದಲೆಳೆಯಷ್ಟೇ ಬಗ್ಗಿಸ್ತಾ ಮಾಡಿದ್ದು ಅದು. ಅವಸರ ಮಾಡಿದ್ರೆ ಲಟಕ್ ಅನ್ನುತ್ತೆ.”

“ಅನ್ನಲಿ ಬಿಡು! ಇನ್ನು ಯಾರಿಗೆ ಬೇಕು ಅದು?”

ಗ್ವಿನ್ ಪಾಪ, ಟೋಪಿ ತಿರುಗಿಸುತ್ತ ನಿಂತ. ಅವಳು ಅಳುತ್ತಾಳೇನೋ ಅಂದುಕೊಂಡ. ಅವಳು ಅಳಲಿಲ್ಲ, ಬ್ರೆಡ್ಡಿಗೆ ಬೆಣ್ಣೆ ಸವರಿದಳು.

ನಮ್ಮೂರ ಕೋವಿ ಕ್ಲಬ್ಬಿನವರದು ಒಂದು ಹುಚ್ಚು ಪದ್ಧತಿ. ಸದಸ್ಯನೊಬ್ಬ ಸತ್ತರೆ, ಮಣ್ಣು ಮಾಡಿದ ಮೇಲೆ ಎಲ್ಲರೂ ಮೈದಾನಕ್ಕೆ ಹೋಗಬೇಕು. ಯಂತ್ರದಿಂದ ಜೋಡಿ ಮಣ್ಣಿನ ಬಿಲ್ಲೆ ಹಾರಿಸುತ್ತಾರೆ. ಸತ್ತವನ ಕೋವಿಯಿಂದಲೇ ಅವನ ಜೊತೆಗಾರ ಎರಡನ್ನೂ ಒಡೆಯಬೇಕು. ಒಡೆಯುವವರೆಗೆ ಯಾರೂ ಟೀ ಮುಟ್ಟುವಂತಿಲ್ಲ. ಮಾಂಸದಂಗಡಿಯ ಮುದುಕ ಸತ್ತಾಗ ಹನ್ನೊಂದು ಜೋಡಿ ತಪ್ಪಿಹೋಗಿ, ಪಾದ್ರಿಗಳು ಹಸಿವು ತಾಳಲಾರದೆ ಮನೆಗೆ ನಡೆದಿದ್ದರು. ವಿಲ್ಫನ ಜೊತೆಗಾರನೆಂದರೆ ಸ್ಟ್ಯಾನ್, ಅದರಲ್ಲಿ ಎರಡು ಮಾತಿಲ್ಲ. ವಿಲ್ಫ್ ರೈಲ್ವೆ ಸಿಗ್ನಲ್ಲಿನವನು, ಸ್ಟ್ಯಾನ್ ಅಂಚೆಯವನು, ನಲವತ್ತು ವರ್ಷದ ಗೆಳೆತನ.

ವಿಲ್ಫನ ಬಲಗಣ್ಣು ಒಂಬತ್ತು ವರ್ಷದಿಂದ ಕುರುಡಾಗಿತ್ತು. ಕುರುಡು ಮಾಡಿದವನು ಇದೇ ಸ್ಟ್ಯಾನ್. ಅದು ಎನಿಡ್‌ಗೆ ಗೊತ್ತು, ಗ್ವಿನ್‌ಗೆ ಗೊತ್ತು. ಸ್ಟ್ಯಾನ್‌ಗೆ ಮಾತ್ರ ಯಾವತ್ತೂ ಗೊತ್ತಾಗಕೂಡದು ಎಂದು ವಿಲ್ಫ್ ಸಾಯುವ ಮುಂಚೆ ಅವಳ ಕೈ ಹಿಡಿದು ಭಾಷೆ ತೆಗೆದುಕೊಂಡಿದ್ದ. ಈಗ ಆ ಭಾಷೆ ಉಳಿಯುವುದೋ ಮುರಿಯುವುದೋ ಎಲ್ಲ ಈ ಪೆಟ್ಟಿಗೆಯಲ್ಲಿತ್ತು. ಬಲ ಹೆಗಲಿಗೆ ಆನಿಸಿಕೊಂಡು ಎಡಗಣ್ಣಿನಿಂದ ಗುರಿ ನೋಡುವ ಹಾಗೆ ಗ್ವಿನ್ ಆ ಕೋವಿಯ ಹಿಡಿಮರವನ್ನು ಬಗ್ಗಿಸಿದ್ದ. ಎರಡೂ ಕಣ್ಣಿರುವವನು ಅದನ್ನು ಹೆಗಲಿಗೇರಿಸಿದರೆ ನಳಿಗೆ ಎತ್ತಲೋ ಓಡಿದಂತೆ ಕಾಣುತ್ತದೆ. ಬಲಗಣ್ಣು ಮುಚ್ಚಿದರೆ ಮಾತ್ರ ಸರಿಹೋಗುತ್ತದೆ. ಕೋವಿ ಹಿಡಿದು ಹುಟ್ಟಿದಂಥ ಸ್ಟ್ಯಾನ್‌ಗೆ ಅದರ ಅರ್ಥ ತಿಳಿಯಲು ಎಷ್ಟು ಹೊತ್ತು ಬೇಕು?

ಬಾಗಿಲು ತೆರೆಯಿತು. ವಿಲ್ಫನ ತಂಗಿ ಡಾಫ್ನಿ, ಅವಳ ಹಿಂದೆ ಸ್ಟ್ಯಾನ್. ಅವನ ಕಪ್ಪು ಕೋಟು ತೋಳಿಗೆ ಗಿಡ್ಡ, ಟೈ ಕಿವಿಯ ಕೆಳಗೆ.

“ಹೆಣದ ಬಂಡಿ ಬಂತು ಕಣೇ ಎನಿಡ್,” ಎಂದಳು ಡಾಫ್ನಿ. “ಬದುಕಿದ್ದಾಗ ಅಣ್ಣ ಒಂದು ದಿನ ಟೈಮಿಗೆ ಹೊರಟವನಲ್ಲ, ಇವತ್ತು ಹತ್ತು ನಿಮಿಷ ಮುಂಚೆ ಕಾಯ್ತಾ ಇದಾನೆ.”

ಸ್ಟ್ಯಾನ್ ಪೆಟ್ಟಿಗೆ ನೋಡಿದ. “ಬಂತಾ ನಮ್ಮ ಸೊಟ್ಟಮೂತಿ?”

“ನಿನ್ನ ಕೋವೀಲೇ ಹೊಡಿ ಸ್ಟ್ಯಾನ್. ಅದು ಬೇಡ,” ಎಂದಳು ಎನಿಡ್.

“ಯಾಕೆ?”

“ನಾನು ಹೇಳ್ತಿದೀನಿ, ಅದಕ್ಕೆ.”

“ಅವನ ಕೋವೀಲಿ ಹೊಡೆಯದೆ ಇದ್ರೆ ಅವನು ನನ್ನ ಸುಮ್ನೆ ಬಿಡ್ತಾನಾ?” ಸ್ಟ್ಯಾನ್ ನಗಲು ಹೋದ, ಟೈ ಎಳೆದುಕೊಂಡ. ಹೊರಗೆ ಬಂಡಿಯವನು ಗಂಟಲು ಸರಿಮಾಡಿಕೊಂಡ. ಎನಿಡ್ ಏಪ್ರನ್ ಬಿಚ್ಚಿದಳು.

* * *

ಆ ಕೋವಿ ವಿಲ್ಫನ ಅಪ್ಪನದು. ಅಪ್ಪ ಜಮೀನ್ದಾರರ ಕಾಡಿನಲ್ಲಿ ಕಾವಲಿಗಿದ್ದವನು. ಪಕ್ಕಪಕ್ಕಕ್ಕೆ ಎರಡು ನಳಿಗೆ, ಅಕ್ರೋಟಿನ ಹಿಡಿಮರ, ಪಕ್ಕದ ಉಕ್ಕಿನ ತಗಡಿನ ಮೇಲೆ ಎಲೆಬಳ್ಳಿಯ ಕೆತ್ತನೆ. ಅರವತ್ತು ತುಂಬಿದ ವರ್ಷ ವಿಲ್ಫ್ ಹಕ್ಕಿ ಹೊಡೆಯುವುದನ್ನು ಬಿಟ್ಟ. ರಕ್ತ ನೋಡಿದ್ದು ಸಾಕಾಯಿತು ಎಂದ. ಆದರೆ ಕೋವಿ ಬಿಡಲಾರ. ಹಾಗಾಗಿ ಮಣ್ಣಿನ ಬಿಲ್ಲೆಗೆ ತಿರುಗಿದ. ಬಿಲ್ಲೆಗೆ ಅದು ಹೇಳಿಮಾಡಿಸಿದ ಕೋವಿಯಲ್ಲ. ಗ್ವಿನ್ ನಳಿಗೆಯ ಬಾಯನ್ನು ಒಂದಿಷ್ಟು ಅಗಲ ಮಾಡಿದ, ಮರದ ಹಿಂದಕ್ಕೆ ರಬ್ಬರಿನ ಮೆತ್ತೆ ಕೂರಿಸಿದ, ನೂರು ಸುತ್ತು ಹೊಡೆದ ಮೇಲೆ ಕಾದ ಕಬ್ಬಿಣ ಕೈ ಸುಡದಿರಲೆಂದು ನಳಿಗೆಗೆ ಚರ್ಮದ ತೊಡಿಗೆ ಹೊಲಿದುಕೊಟ್ಟ. “ಅಪ್ಪನಿಗೆ ಕಟ್ಟಿದ ಹಲ್ಲು ಹಾಕಿಸಿದ ಹಾಗಾಯ್ತು,” ಎಂದಿದ್ದ ವಿಲ್ಫ್.

ಎಲ್ಲರೂ ಮೇಲೊಂದು ಕೆಳಗೊಂದು ನಳಿಗೆಯ ಹೊಸ ಕೋವಿ ತಂದರು. ಇವನು ತರಲಿಲ್ಲ. ಸ್ಟ್ಯಾನ್ ಕಾಲೆಳೆಯುತ್ತಿದ್ದ, ಇವನು ಸ್ಟ್ಯಾನ್‌ಗಿಂತ ಎರಡು ಬಿಲ್ಲೆ ಜಾಸ್ತಿ ಒಡೆದು ಬಾಯಿ ಮುಚ್ಚಿಸುತ್ತಿದ್ದ.

ಆಮೇಲೆ ಸ್ಟ್ಯಾನ್‌ನ ಹೆಂಡತಿ ಮಾಡ್ ಸತ್ತಳು. ಆರು ವಾರ ಅವನು ಪರದೆ ಸರಿಸಲಿಲ್ಲ, ಗಡ್ಡ ಹೆರೆಯಲಿಲ್ಲ. ಮಾರ್ಚಿನ ಒಂದು ಭಾನುವಾರ ವಿಲ್ಫ್ ಅವನನ್ನು ಕತ್ತಿನ ಪಟ್ಟಿ ಹಿಡಿದು ಎಳೆದ ಹಾಗೆ ಮೈದಾನಕ್ಕೆ ಕರೆದೊಯ್ದ. ವಿಲ್ಫ್ ಯಂತ್ರದ ಹತ್ತಿರ ಕೂತ. ತುಂತುರಿಗೆ ಕನ್ನಡಕ ಮಂಜಾಯಿತೆಂದು ಒರೆಸಲು ತೆಗೆದ. ಅಷ್ಟೇ ಹೊತ್ತು. ಎದುರಿಗೆ ತಗ್ಗಾಗಿ ಬಂದ ಬಿಲ್ಲೆಯನ್ನು ಸ್ಟ್ಯಾನ್ ಒಡೆದ, ಒಂದು ಚೂರು ಸಿಡಿದು ವಿಲ್ಫನ ಬಲಗಣ್ಣಿಗೆ ಬಂತು.

“ಏನಾಯ್ತೋ?” ಎಂದು ಸ್ಟ್ಯಾನ್ ಕೂಗಿದನಂತೆ.

“ಏನಿಲ್ಲ, ಧೂಳು,” ಎಂದನಂತೆ ವಿಲ್ಫ್. ಕರ್ಚೀಫು ಒತ್ತಿಕೊಂಡು ಆಟ ಮುಗಿಯುವವರೆಗೆ ಅಂಕ ಬರೆದ. ಆಮೇಲೆ ಮನೆಗೆ ನಡೆದುಬಂದು ಹೊಸಿಲಲ್ಲಿ ಕುಸಿದ.

“ಆಸ್ಪತ್ರೇಲಿ ಬೇಲಿ ಮುಳ್ಳು ಚುಚ್ಚಿತು ಅನ್ನು,” ಎಂದ. “ಸ್ಟ್ಯಾನ್‌ಗೆ ಗೊತ್ತಾದ್ರೆ ಅವನು ಮತ್ತೆ ಮನೆಯಿಂದ ಹೊರಗೆ ಬರಲ್ಲ ಕಣೇ.”

“ನಿನ್ನ ಕಣ್ಣು ಹೋಯ್ತಲ್ಲೋ!”

“ಇನ್ನೊಂದಿದೆಯಲ್ಲ.”

ಹೊರಗಿನಿಂದ ಕಣ್ಣು ಇದ್ದ ಹಾಗೇ ಕಾಣುತ್ತಿತ್ತು, ಒಳಗೆ ದೀಪ ಆರಿತ್ತು. ಕತ್ತು ಹಿಡಿದುಕೊಂಡಿದೆ, ಬಗ್ಗಿಸಬೇಡ ಅಂದಿದ್ದಾರೆ ಡಾಕ್ಟರು, ಅದಕ್ಕೇ ಮರ ಬಗ್ಗಿಸಿದ್ದು ಎಂದು ವಿಲ್ಫ್ ಕ್ಲಬ್ಬಿಗೆಲ್ಲ ಸಾರಿದ. ಬೇಸಿಗೆಯಲ್ಲೂ ಮಫ್ಲರ್ ಸುತ್ತಿಕೊಂಡ. ನೂರಕ್ಕೆ ಎಂಬತ್ತು ಒಡೆಯುತ್ತಿದ್ದವನು ನಲವತ್ತಕ್ಕಿಳಿದ. ಸ್ಟ್ಯಾನ್ ಕಾಲೆಳೆಯುವುದನ್ನು ಬಿಡಲಿಲ್ಲ. “ಸೊಟ್ಟಮೂತಿ ತಂದ್ಯಾ? ಅದರಲ್ಲಿ ಹೊಡೆಯೋ ಬದಲು ಎಸೆದು ಹೊಡಿ, ಒಂದಾದ್ರೂ ಒಡೀತದೆ,” ಎನ್ನುವನು. ಎಲ್ಲರೂ ನಗುವರು, ಎಲ್ಲರಿಗಿಂತ ಜೋರಾಗಿ ವಿಲ್ಫ್. ಸ್ಯಾಂಡ್‌ವಿಚ್ ತಟ್ಟೆ ಹಿಡಿದು ನಿಂತ ಎನಿಡ್‌ಗೆ ಆ ತಟ್ಟೆಯನ್ನು ಸ್ಟ್ಯಾನ್‌ನ ತಲೆಗೆ ಅಪ್ಪಳಿಸಬೇಕು ಅನ್ನಿಸುತ್ತಿತ್ತು.

* * *

ಚರ್ಚಿನಲ್ಲಿ ಪಾದ್ರಿಗಳು ವಿಲ್ಫನ ಬಗ್ಗೆ ಹೇಳಿದ್ದು ನಾಲ್ಕೇ ಮಾತು. ಮೂವತ್ತೊಂದು ವರ್ಷ ಸಿಗ್ನಲ್ ಎಳೆದ, ಒಂದು ರೈಲೂ ತಪ್ಪಲಿಲ್ಲ, ತರಕಾರಿ ಚೆನ್ನಾಗಿ ಬೆಳೆದ, ಯಾರ ಮನಸ್ಸೂ ನೋಯಿಸಲಿಲ್ಲ. ಎನಿಡ್ ಕೇಳಿಸಿಕೊಳ್ಳುತ್ತಿರಲಿಲ್ಲ. ಮುಂದಿನ ಸಾಲಿನ ತುದಿಯಲ್ಲಿ ಸ್ಟ್ಯಾನ್ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದ. ಎರಡು ಒಳ್ಳೆಯ ಕಣ್ಣಿಂದ ಅಳುತ್ತಾನೆ ನೋಡು ಎಂದುಕೊಂಡಳು. ಹಾಗೆ ಅಂದುಕೊಂಡಿದ್ದಕ್ಕೆ ನಾಚಿಕೆಯೂ ಆಯಿತು, ಸಿಟ್ಟು ಮಾತ್ರ ಇಳಿಯಲಿಲ್ಲ. ಒಂಬತ್ತು ವರ್ಷದ ಸಿಟ್ಟು ಅದು, ಬೆಂದು ಬೆಂದು ತಳ ಹಿಡಿದಿತ್ತು.

ಗೊತ್ತಾದರೆ ಆಗಲಿ ಎಂದಿತು ಮನಸ್ಸಿನ ಒಂದು ಬದಿ. ಇನ್ನೊಂದು ಬದಿಗೆ ವಿಲ್ಫನ ಒಣಗಿದ ಬೆರಳು ಇನ್ನೂ ತನ್ನ ಮಣಿಕಟ್ಟಿನಲ್ಲೇ ಇದ್ದಂತಿತ್ತು. ಮಣ್ಣು ಹಾಕಲು ಬಗ್ಗಿದಾಗ ಅವಳು ಜಾರಿದಳು. ಅವಳನ್ನು ಹಿಡಿದುಕೊಂಡವನು ಸ್ಟ್ಯಾನ್.

* * *

ಮೈದಾನದಲ್ಲಿ ಕ್ಲೀ ಬೆಟ್ಟದ ಕಡೆಯಿಂದ ಗಾಳಿ ಹರಿತವಾಗಿ ಬೀಸುತ್ತಿತ್ತು. ಗುಡಿಸಿಲಲ್ಲಿ ಟೀ ಕೊಳಗ ಕುದಿಯುತ್ತಿತ್ತು. ಜನ ಕೋಟಿನೊಳಗೆ ಕೈ ಹುದುಗಿಸಿ ಅರ್ಧವೃತ್ತವಾಗಿ ನಿಂತರು.

“ಸ್ಟ್ಯಾನ್, ಬೇಗ ಮುಗಿಸಪ್ಪ,” ಎಂದಳು ಡಾಫ್ನಿ. “ನನ್ನ ಮಂಡಿ ಇಷ್ಟು ಹೊತ್ತು ಅಣ್ಣನಿಗಾಗಿ ನಿಂತದ್ದೇ ಹೆಚ್ಚು.”

ಗ್ವಿನ್ ಪೆಟ್ಟಿಗೆ ತೆರೆದು ನಳಿಗೆ ಜೋಡಿಸಿ ಕೊಟ್ಟ. ಕೊಡುವಾಗ ಎನಿಡ್‌ಳ ಮುಖ ನೋಡಲಿಲ್ಲ. ಸ್ಟ್ಯಾನ್ ಎರಡು ತೋಟೆ ತುಂಬಿ ಕೋವಿ ಮುಚ್ಚಿದ, ಗೆರೆಯ ಹತ್ತಿರ ನಿಂತ. ಎನಿಡ್ ಅವನ ಬಲಕ್ಕೆ, ಮುಖ ಕಾಣುವ ಹಾಗೆ ನಾಲ್ಕು ಹೆಜ್ಜೆ ದೂರದಲ್ಲಿದ್ದಳು. ಈಗ ಎತ್ತುತ್ತಾನೆ, ನಳಿಗೆ ಸೊಟ್ಟ ಕಾಣುತ್ತದೆ, ಇಳಿಸುತ್ತಾನೆ, ತಿರುಗಿ ನನ್ನನ್ನು ನೋಡುತ್ತಾನೆ. ಆಗ ನಾನು ಏನು ಹೇಳಲಿ ದೇವರೇ.

ಕೋವಿ ಇನ್ನೂ ಸೊಂಟದ ಹತ್ತಿರವೇ ಇತ್ತು. ಹೆಗಲಿಗೆ ಬರುವ ಮೊದಲೇ, ನಳಿಗೆ ಮೇಲೇಳುವ ಮೊದಲೇ, ಸ್ಟ್ಯಾನ್ ತನ್ನ ಬಲಗಣ್ಣು ಮುಚ್ಚಿಕೊಂಡ.

“ಎಳಿ!” ಎಂದು ಬಿಲ್ಲೆ ಹಾರಿಸುವ ಯಂತ್ರದವನಿಗೆ ಕೂಗಿದ.

ಎರಡೂ ತಪ್ಪಿದವು. ಬಿಲ್ಲೆಗಳು ಹೋಗಿ ಹುಲ್ಲಲ್ಲಿ ಬಿದ್ದವು. ಮತ್ತೆ ತುಂಬಿದ, ಮತ್ತೆ ಅದೇ ಕಣ್ಣು ಮುಚ್ಚಿದ. ಮತ್ತೆ ಎರಡೂ ತಪ್ಪಿದವು. ಮೂರನೆಯ ಜೋಡಿಯೂ ಹೋಯಿತು. ಯಾರೋ ಕೆಮ್ಮಿದರು.

“ಸೊಟ್ಟಮೂತಿ ಸೇಡು ತೀರಿಸ್ಕೊಳ್ತಾ ಇದೆ ನೋಡು,” ಎಂದ ಒಬ್ಬ. ನಾಲ್ಕು ಜನ ನಕ್ಕರು.

ಎನಿಡ್ ನಡೆದು ಅವನ ಪಕ್ಕಕ್ಕೆ ಹೋದಳು. ಗೆರೆ ದಾಟಿ ಹೋಗಬಾರದೆಂಬ ನಿಯಮವಿದೆ, ಯಾರೂ ತಡೆಯಲಿಲ್ಲ.

“ಯಾವತ್ತಿಂದ ಗೊತ್ತು?” ಎಂದಳು, ಅವನಿಗೊಬ್ಬನಿಗೇ ಕೇಳುವ ಹಾಗೆ.

ಸ್ಟ್ಯಾನ್ ಕೋವಿ ಮಡಿಸಿ ತೆರೆದು ಖಾಲಿ ತೋಟೆಗಳನ್ನು ಉಗುರಿನಿಂದ ಎಳೆದು ತೆಗೆದ.

“ಮಾರನೇ ವಾರ. ನಿಮ್ಮನೇಲಿ ನನಗೆ ಟೀ ಬಗ್ಗಿಸಿಕೊಟ್ಟ. ಕಪ್ಪಿನ ಪಕ್ಕಕ್ಕೆ ಬಗ್ಗಿಸಿದ. ಎರಡನೇ ಸಲಾನೂ ಪಕ್ಕಕ್ಕೆ. ಕೈ ನಡುಗುತ್ತೆ ಕಣೋ ಅಂದ. ಕೈ ಕಲ್ಲಿನ ಹಾಗಿತ್ತು ಎನಿಡ್.”

“ಗೊತ್ತಿದ್ದೂ ಒಂಬತ್ತು ವರ್ಷ ಆ ಥರ ಆಡಿಕೊಂಡ್ಯಲ್ಲೋ, ಪಾಪಿ!”

“ಬಿಟ್ಟಿದ್ರೆ ನನಗೆ ಗೊತ್ತಾಗಿದೆ ಅಂತ ಅವನಿಗೆ ಗೊತ್ತಾಗ್ತಿತ್ತು. ಸ್ಟ್ಯಾನ್‌ಗೆ ಗೊತ್ತಾಗದ ಹಾಗೆ ಮುಚ್ಚಿಟ್ಟೆ ಅನ್ನೋದೊಂದೇ ಸಮಾಧಾನ ಇತ್ತು ಅವನಿಗೆ. ಕಣ್ಣು ತಗೊಂಡಿದ್ದು ಸಾಲದು ಅಂತ ಅದನ್ನೂ ಕಿತ್ಕೊಳ್ಳಲಾ?”

ಎನಿಡ್‌ಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಒಂಬತ್ತು ವರ್ಷ ಇಬ್ಬರು ಗಂಡಸರ ನಡುವೆ ಒಂದೇ ಗುಟ್ಟನ್ನು ತಾನೊಬ್ಬಳೇ ಹೊತ್ತೆನೆಂದುಕೊಂಡು ಸವೆದಿದ್ದಳು. ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದಳು, ಎಷ್ಟು ಸಲ ಅವನ ಹೆಸರಿಗೆ ಶಾಪ ಹಾಕಿದ್ದಳು. ಈಗ ಆ ಸಿಟ್ಟನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ವಿಲ್ಫ್ ಇದ್ದಿದ್ದರೆ ಅವನಿಗಾದರೂ ಬೈಯಬಹುದಿತ್ತು. ಅವನಿಲ್ಲ ಎಂಬುದು ಬೆಳಗಿನಿಂದ ಇದೇ ಮೊದಲ ಸಲ ಅವಳ ಎದೆಗೆ ತಾಗಿತು. ಅವಳು ಅಲ್ಲೇ ನಿಂತು ಅತ್ತಳು.

ಸ್ಟ್ಯಾನ್ ಇನ್ನೆರಡು ತೋಟೆ ಹಾಕಿದ. ಕೋವಿ ಹೆಗಲಿಗೇರಿಸಿದ, ಬಲಗಣ್ಣು ಮುಚ್ಚಲು ನೋಡಿದ. ಆಗಲಿಲ್ಲ. ನೀರು ತುಂಬಿ ರೆಪ್ಪೆ ಬಡಿದುಕೊಳ್ಳುತ್ತಿತ್ತು, ಮುಚ್ಚಿದರೆ ತೆರೆಯುತ್ತಿತ್ತು. ಕೋವಿ ಇಳಿಸಿದ.

“ನನ್ನ ಕೈಲಿ ಆಗ್ತಿಲ್ಲ ಎನಿಡ್. ನಿಲ್ತಾ ಇಲ್ಲ ಅದು.”

“ಎತ್ತು,” ಎಂದಳು ಅವಳು.

ಅವನು ಎತ್ತಿದ. ಎನಿಡ್ ಅವನ ಹಿಂದೆ ನಿಂತು, ತುದಿಗಾಲಲ್ಲಿ ಏರಿ, ಸಾಸಿವೆ ವಾಸನೆಯ ತನ್ನ ಅಂಗೈಯನ್ನು ಅವನ ಬಲಗಣ್ಣಿನ ಮೇಲೆ ಮೆತ್ತಗೆ ಮುಚ್ಚಿ ಹಿಡಿದಳು. ಅಂಗೈ ಒದ್ದೆಯಾಯಿತು, ತೆಗೆಯಲಿಲ್ಲ.

“ಹೂಂ. ಈಗ ಕೂಗು.”