ಕಡಿಮೆ ಇರಲಿ ದೇವರೇ

ಅಕ್ಕ ಹೊಲಿದ ಶರ್ಟಿಗೆ ಎರಡೂ ಎಡತೋಳುಗಳೇ ಇದ್ದವು. ಗಿರಾಕಿ ಅದನ್ನು ತೊಟ್ಟುಕೊಂಡೇ ಅಂಗಡಿಗೆ ಬಂದಿದ್ದ. ಅಕ್ಕ ಕನ್ನಡಕ ಏರಿಸಿ, ಅವನನ್ನು ಒಂದು ಸುತ್ತು ತಿರುಗಿಸಿ ನೋಡಿ, "ಶರ್ಟ್ ಸರಿಯಾಗೇ ಇದೆಯಪ್ಪ, ನಿನ್ನ ಕೈಯೇ ಸೊಟ್ಟ" ಅಂದಳು. ನಾನು ಬಿದ್ದುಬಿದ್ದು ನಕ್ಕೆ. ಗಿರಾಕಿಯೂ ನಕ್ಕ. ಭಾವ ಮಾತ್ರ ಇಸ್ತ್ರಿಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಆ ತೋಳನ್ನು ನೋಡುತ್ತಿದ್ದರು. ಇದು ಹೋದ ವರ್ಷದ ಮಾತು.

ಅಂಗಡಿಯ ಒಳಗೆ ಅಕ್ಕನ ಹೊಲಿಗೆ ಯಂತ್ರ, ಬಾಗಿಲ ಬಳಿ ಭಾವನ ಇಸ್ತ್ರಿ ಮೇಜು. ಅವರ ಸಂಸಾರ ನಡೆದದ್ದೇ ಹಾಗೆ, ಅವಳು ಹೊಲಿಯುವುದು, ಅವರು ಅದರ ಸುಕ್ಕು ತೆಗೆಯುವುದು. ಮಾತೆಲ್ಲ ಅವಳದು. ಅವರಿಗೆ ನಾನು ಮದುವೆಯ ದಿನವೇ ಗೂಟ ಎಂದು ಹೆಸರಿಟ್ಟಿದ್ದೆ, ನಿಲ್ಲಿಸಿದ ಕಡೆ ನಿಲ್ಲುತ್ತಿದ್ದರು ಪಾಪ. ನನಗಾಗ ಎಂಟು ವರ್ಷ. ಅಮ್ಮ ಇರಲಿಲ್ಲ, ಅಕ್ಕ ಗಂಡನ ಮನೆಗೆ ಹೋಗುವಾಗ ಪೆಟ್ಟಿಗೆಯ ಜೊತೆ ನನ್ನನ್ನೂ ಕರೆದುಕೊಂಡು ಹೋದಳು. ಗೂಟ ತುಟಿಪಿಟಕ್ಕೆನ್ನಲಿಲ್ಲ. ಹಾಗಾಗಿ ನನಗೆ ಅಕ್ಕ ಎಂದರೆ ತಾಯಿಯೇ, ಅದರಲ್ಲಿ ಬೇರೆ ಮಾತಿಲ್ಲ.

ಆಮೇಲೆ ಒಂದೊಂದಾಗಿ ಶುರುವಾಯಿತು. ಗುಂಡಿ ಹಾಕುವ ಕಡೆ ಕಾಜಾದ ತೂತು, ಕಾಜಾ ಇರಬೇಕಾದ ಕಡೆ ಏನೂ ಇಲ್ಲ. ನಾನು ವಯಸ್ಸಾಯಿತು ಎಂದು ಚೇಷ್ಟೆ ಮಾಡಿಕೊಂಡಿದ್ದೆ. ಕಳೆದ ತಿಂಗಳು ಅವಳು ನಾನು ಕೆಲಸ ಮಾಡುವ ಬೇಕರಿಗೆ ಬಂದಳು. ಕೌಂಟರಿನಲ್ಲಿ ನಾನೇ ಇದ್ದೆ. ಒಂದು ಬ್ರೆಡ್ ಕೇಳಿ ತೆಗೆದುಕೊಂಡು, ನನ್ನ ಮುಖ ನೋಡಿ, "ಎಷ್ಟು ಚೆನ್ನಾಗಿ ಮಾತಾಡ್ತೀಯಮ್ಮ. ಯಾರ ಮನೆ ಹುಡುಗಿ ನೀನು?" ಅಂದಳು. ಐವತ್ತು ದಾಟಿದ ಹುಡುಗಿ ನಾನು, ಅವಳ ಮನೆಯವಳೇ ಎಂದು ಹೇಳುವ ಬದಲು ಚಿಲ್ಲರೆ ಎಣಿಸಿ ಅವಳ ಕೈಗಿಟ್ಟೆ.

ಮಾರನೆಯ ದಿನವೇ ಇಬ್ಬರನ್ನೂ ಎಳೆದುಕೊಂಡು ಆಸ್ಪತ್ರೆಗೆ ಹೋದೆ. ತಲೆಯ ಸ್ಕ್ಯಾನ್ ಆಯಿತು. ಅದನ್ನು ಬೆಳಕಿಗೆ ಹಿಡಿದು ಡಾಕ್ಟರು ನೋಡಿದರು.

"ಸ್ವಲ್ಪ ಸವೆತ ಕಾಣ್ತಿದೆ. ಆದ್ರೆ ಇದೊಂದನ್ನೇ ನೋಡಿ ಹೇಳೋಕಾಗಲ್ಲ. ವಿಟಮಿನ್ ಬಿ ಟ್ವೆಲ್ವ್ ಕಡಿಮೆಯಾದ್ರೂ ಹೀಗೆ ಮರೆವು ಬರುತ್ತೆ. ಅದಾಗಿದ್ರೆ ಇಂಜೆಕ್ಷನ್ ಕೊಟ್ರೆ ಬಹಳಷ್ಟು ಸರಿಹೋಗಬಹುದು. ರಕ್ತ ಪರೀಕ್ಷೆ ಮಾಡಿಸಿ. ಅದಲ್ಲದಿದ್ರೆ..."

ಆ ಅದಲ್ಲದಿದ್ರೆಯನ್ನು ನಾನು ಕಿವಿಗೇ ಹಾಕಿಕೊಳ್ಳಲಿಲ್ಲ. ಬರೀ ವಿಟಮಿನ್! ಗಲ್ಲಿಗಲ್ಲಿಯಲ್ಲಿ ಜನಕ್ಕೆ ಕಡಿಮೆ ಇರುವ ವಸ್ತು ನಮ್ಮಕ್ಕನಿಗೂ ಕಡಿಮೆ ಇರಬಾರದೇ? ಹುಟ್ಟಿದಾಗಿನಿಂದ ನಮ್ಮ ಮನೆಯಲ್ಲಿ ಯಾವುದು ಕಡಿಮೆ ಇರಲಿಲ್ಲ ಹೇಳಿ. ಆಗೆಲ್ಲ ಕೇಳದೆಯೇ ಕಡಿಮೆ ಕೊಟ್ಟ ದೇವರನ್ನು ಈಗ ಬಾಯಿಬಿಟ್ಟು ಕೇಳಿದೆ, ಇದೊಂದು ಕಡಿಮೆ ಇರಲಿ ಎಂದು. ಅಕ್ಕನಿಗೂ ಹೇಳಿದೆ.

"ಕಡಿಮೆ ಇದ್ರೆ ಒಳ್ಳೇದೇನೇ?" ಅಂದಳು ಅವಳು.

"ಹೂಂ ಅಕ್ಕ. ಎಷ್ಟು ಕಡಿಮೆಯೋ ಅಷ್ಟು ಒಳ್ಳೇದು."

"ಸರಿ ಬಿಡು, ಕಡಿಮೇನೇ ಇರುತ್ತೆ" ಎಂದು ಅವಳೇ ನನಗೆ ಧೈರ್ಯ ಹೇಳಿದಳು.

ಖಾಲಿ ಹೊಟ್ಟೆಯಲ್ಲಿ ಲ್ಯಾಬಿಗೆ ಹೋದೆವು. ರಕ್ತ ತೆಗೆಯುವವನು ಅಕ್ಕನ ತೋಳಿಗೆ ರಬ್ಬರು ಪಟ್ಟಿ ಬಿಗಿದು, ಬೆರಳಿನಿಂದ ನರ ಹುಡುಕಿ, ಸೂಜಿ ಎತ್ತಿದ. ಅಕ್ಕ ಅದನ್ನು ಕಣ್ಣು ಕಿರಿದು ಮಾಡಿ ನೋಡಿ, "ದಾರ ಹಾಕಿಲ್ವಲ್ಲಪ್ಪ" ಅಂದಳು. ಅವನು ನಕ್ಕ. ಇದು ತಮಾಷೆಯೋ ಅಲ್ಲವೋ ನನಗೆ ತಿಳಿಯಲಿಲ್ಲ, ಅದಕ್ಕೆ ನಾನೂ ನಕ್ಕೆ. ರಕ್ತ ಟ್ಯೂಬಿಗೆ ಇಳಿಯುತ್ತಿದ್ದಾಗ ಅವನು, "ವಿಟಮಿನ್ ಮಾತ್ರೆ, ಇಂಜೆಕ್ಷನ್ ಏನಾದ್ರೂ ತಗೊಳ್ತಿದ್ದಾರಾ?" ಎಂದು ಕೇಳಿದ.

"ತಲೆನೋವಿಗೂ ಮಾತ್ರೆ ನುಂಗೋಳಲ್ಲ ನಮ್ಮಕ್ಕ" ಎಂದು ನಾನು ಜಂಭದಿಂದ ಹೇಳಿದೆ. ಭಾವ ಕಿಟಕಿಯ ಕಡೆ ಮುಖ ಮಾಡಿದ್ದರು.

ವರದಿ ಬರುವವರೆಗೆ ನನ್ನ ಕಾಲು ನೆಲದ ಮೇಲಿರಲಿಲ್ಲ. ಬೇಕರಿಯಲ್ಲಿ ಬಂದವರಿಗೆಲ್ಲ ಹೇಳಿದೆ, ನಮ್ಮಕ್ಕನಿಗೆ ಬರೀ ವಿಟಮಿನ್ ಕಡಿಮೆಯಂತೆ ಎಂದು. ಪರೀಕ್ಷೆ ಮಾಡುವವರು ಹೇಳುವ ಮೊದಲೇ ನಾನು ಸಾರಿಬಿಟ್ಟಿದ್ದೆ. ಸಂಜೆ ಅಂಗಡಿಗೆ ಹೋಗಿ, ಹಬೆಯಾಡುವ ಬಟ್ಟೆಗಳ ಮುಂದೆ ನಿಂತು ಭಾವನ ಎದುರು ಅದನ್ನೇ ಬಡಬಡಿಸುತ್ತಿದ್ದೆ. ಅವರು ಹೂಂ ಅನ್ನುತ್ತಿದ್ದರು. ಒಮ್ಮೆ ಮಾತ್ರ, "ನೀನು ನಗ್ತಾ ಇದ್ರೆ ಅವಳೂ ನಗ್ತಾಳೆ" ಅಂದರು. ಗೂಟಕ್ಕೂ ಬಾಯಿ ಬಂತಲ್ಲ ಎಂದು ರೇಗಿಸಿದೆ.

ವರದಿ ಬಂದ ದಿನ ಅಕ್ಕನನ್ನು ಹೊರಗೆ ನರ್ಸಮ್ಮನ ಪಕ್ಕ ಕೂರಿಸಿ ನಾವಿಬ್ಬರೂ ಒಳಗೆ ಹೋದೆವು.

"ಕಡಿಮೆ ಇಲ್ಲ" ಅಂದರು ಡಾಕ್ಟರು. "ಇರಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿಯೇ ಇದೆ."

ನನಗೆ ರೇಗಿಹೋಯಿತು. ಯಾರದೋ ರಕ್ತಕ್ಕೆ ನಮ್ಮಕ್ಕನ ಹೆಸರು ಅಂಟಿಸಿದ್ದಾರೆ, ಇನ್ನೊಂದು ಸಲ ಮಾಡಿಸಿ ಎಂದು ಬಾಯಿಗೆ ಬಂದಂತೆ ಕೂಗಾಡಿದೆ. ಡಾಕ್ಟರು ನನ್ನನ್ನು ಬಿಟ್ಟು ಭಾವನ ಕಡೆ ನೋಡಿದರು. ಭಾವ ನೆಲ ನೋಡುತ್ತಾ ಹೇಳಿದರು.

"ಇಂಜೆಕ್ಷನ್ ಕೊಡಿಸ್ತಿದ್ದೀನಿ ಸಾರ್. ಹೋದ ವರ್ಷದಿಂದ. ಆ ಶರ್ಟ್ ನೋಡಿದ ಮಾರನೇ ದಿನ ನಮ್ಮ ಬೀದಿ ಔಷಧಿ ಅಂಗಡಿಯವರನ್ನ ಕೇಳ್ದೆ. ಮರೆವಿಗೆ ಇದೇ ಕಾರಣ ಇರಬಹುದು ಅಂದ್ರು. ಮೊದ್ಲು ವಾರವಾರ, ಆಮೇಲೆ ತಿಂಗಳಿಗೊಂದು. ಸೊಂಟನೋವಿಗೆ ಅಂತ ಅವಳಿಗೆ ಹೇಳಿದ್ದೆ."

"ಪರೀಕ್ಷೆ ಹಾಳುಮಾಡಿಬಿಟ್ರಲ್ಲ ಭಾವ!" ಎಂದು ಕಿರುಚಿದೆ.

"ಹಾಳಾಗಿಲ್ಲಮ್ಮ" ಅಂದರು ಡಾಕ್ಟರು, ಮೆಲ್ಲಗೆ. "ಕಡಿಮೆ ಇದ್ದಿದ್ರೂ ಅದು ಯಾವಾಗಲೋ ತುಂಬಿದೆ. ತುಂಬಿದ ಮೇಲೂ ಮರೆವು ಹೆಚ್ಚುತ್ತಲೇ ಬಂದಿದೆ. ಅಂದ್ರೆ ಕಾರಣ ಅದಲ್ಲ." ಆಮೇಲೆ, ಅಂದು ನಾನು ಕಿವಿಗೆ ಹಾಕಿಕೊಳ್ಳದ ಆ ಕಾಯಿಲೆಯ ಹೆಸರು ಹೇಳಿದರು. ನಿಧಾನ ಮಾಡಬಹುದು, ವಾಸಿ ಮಾಡೋಕಾಗಲ್ಲ ಅಂದರು.

ಹೊರಗಿನ ಮೆಟ್ಟಿಲ ತಿರುವಿನಲ್ಲಿ ಭಾವನ ತೋಳು ಹಿಡಿದು ನಿಲ್ಲಿಸಿದೆ. "ನಿಮಗೆ ಗೊತ್ತಿತ್ತು. ರಕ್ತ ತೆಗೆಯೋವಾಗ್ಲೇ ಗೊತ್ತಿತ್ತು. ನಾನು ಊರೆಲ್ಲ ಹೇಳ್ಕೊಂಡು ಕುಣೀತಿದ್ರೆ ಸುಮ್ನೆ ನೋಡ್ತಾ ನಿಂತಿದ್ರಲ್ಲ. ಒಂದು ಮಾತು ಹೇಳಬಾರ್ದಿತ್ತಾ?"

ಭಾವ ನನ್ನ ಕೈ ಬಿಡಿಸಿಕೊಳ್ಳಲಿಲ್ಲ.

"ಪ್ರತಿ ಸೂಜಿಗೂ ನಾಳೆ ಸರಿಹೋಗ್ತಾಳೆ ಅನ್ಕೋತಿದ್ದೆ ಕಣಮ್ಮ. ನಂಗೆ ಒಂದು ವರ್ಷ ಆಸೆ ಇತ್ತು. ನಿಂಗೆ ಎರಡು ದಿನನಾದ್ರೂ ಇರ್ಲಿ ಅಂತ."

ಒಂದು ವರ್ಷ ಈ ಮನುಷ್ಯ ಇದನ್ನು ಒಬ್ಬರೇ ಹೊತ್ತಿದ್ದರು. ನಾನು ಅವರ ಎದುರಿಗೇ ನಗುತ್ತಿದ್ದೆ.

ಅಕ್ಕ ಬೆಂಚಿನ ಮೇಲೆ, ಕೈಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನಮ್ಮನ್ನು ಕಂಡದ್ದೇ ಎದ್ದು ನಿಂತಳು.

"ಏನಂದ್ರೇ? ಕಡಿಮೆ ಇದೆಯಂತಾ?"

ಇದೊಂದನ್ನು ಅವಳು ಮರೆತಿರಲಿಲ್ಲ. ನಾನು ಭಾವನ ಕಡೆ ನೋಡಿದೆ, ಆಮೇಲೆ ಅಕ್ಕನ ಕಡೆ.

"ಹೂಂ ಅಕ್ಕ. ತುಂಬಾ ಕಡಿಮೆ ಇದೆಯಂತೆ."

"ನಾನು ಹೇಳ್ಲಿಲ್ವಾ!" ಅವಳ ಮುಖ ಅರಳಿತು. "ಮತ್ಯಾಕೆ ಅಳ್ತೀಯೇ ಹುಚ್ಚಿ?" ಎಂದು ಅಂಗೈಯಿಂದ ನನ್ನ ಕೆನ್ನೆ ಒರೆಸಿದಳು.

ಗೇಟು ದಾಟುವಾಗ ಮತ್ತೆ ಕೇಳಿದಳು, ಮತ್ತೆ ಹೇಳಿದೆ. ಅವಳ ಖುಷಿ ಮೊದಲ ಸಲದಷ್ಟೇ ಹೊಸದಾಗಿತ್ತು. ಬಸ್ ನಿಲ್ದಾಣದಲ್ಲಿ ಇನ್ನೊಮ್ಮೆ ಕೇಳಿದಾಗ ನಾನು ಬಸ್ ಬರುವ ಕಡೆ ಮುಖ ತಿರುಗಿಸಿದೆ. ಭಾವ ಅವಳ ಕೈಚೀಲ ತೆಗೆದುಕೊಂಡು ತಮ್ಮ ಹೆಗಲಿಗೆ ಹಾಕಿಕೊಂಡರು.

"ಕಡಿಮೆ ಇದೆಯಂತೆ. ಸರಿಹೋಗ್ತೀಯಂತೆ" ಅಂದರು.