ತಿಳಿಸಬೇಕಾದವರ ನಂಬರು

“ಫೋನೆಲ್ಲ ಬೇಡಪ್ಪ, ನಾನೇ ಹೇಳ್ಕೋತೀನಿ,” ಎಂದಳು ಕಂಡಕ್ಟರಮ್ಮ. ಬೆನ್ನಿನ ಚೀಲವನ್ನು ಇನ್ನೂ ಇಳಿಸಿರಲಿಲ್ಲ.

ಕಾಡುದಾರಿ ಮುಗಿಯುವಲ್ಲಿನ ಚೌಕಿಯ ಗುಮಾಸ್ತ ರಿಜಿಸ್ಟರಿನಿಂದ ತಲೆಯೆತ್ತಲಿಲ್ಲ. “ಹಾಗೆಲ್ಲ ಆಗಲ್ಲಮ್ಮ. ಹೊರಡುವಾಗ ಕೊಟ್ಟ ನಂಬರಿಗೆ ನಾನೇ ಮಾಡ್ಬೇಕು, ಕ್ಷೇಮವಾಗಿ ತಲುಪಿದ್ರು ಅನ್ಬೇಕು. ಆಮೇಲೇ ಸೀಲು. ಇಲ್ದಿದ್ರೆ ನೀವಿನ್ನೂ ಕಾಡಲ್ಲೇ ಇದ್ದೀರಿ ಅಂತ ಅರ್ಥ.”

ಆರುನೂರ ಹನ್ನೆರಡು ಕಿಲೋಮೀಟರು, ನಲವತ್ತೊಂದು ದಿನದ ನಡಿಗೆ. ಓಡುವ ಬಸ್ಸಿನಲ್ಲಿ ಮೂವತ್ತು ವರ್ಷ ನಿಂತೇ ಟಿಕೆಟ್ ಹರಿದವಳು. ಅರವತ್ತೆಂಟಾದರೂ ಜಾರುವ ಬಂಡೆ, ತುಂಬಿದ ಹಳ್ಳ ಯಾವುದಕ್ಕೂ ಸೊಪ್ಪು ಹಾಕಿರಲಿಲ್ಲ. ದಾರಿಯುದ್ದಕ್ಕೂ ಅವಳು ಹೆದರಿದ್ದು ಈ ಫೋನಿಗೆ ಮಾತ್ರ.

ಗಂಡ, ಮಕ್ಕಳು ಅಂತ ಇರಲಿಲ್ಲ. ಇದ್ದವಳು ಅಕ್ಕ ಒಬ್ಬಳೇ. ಹಿಂದಿನ ಮೂರು ನಡಿಗೆಗಳಲ್ಲೂ ಕೊಟ್ಟದ್ದು ಅವಳ ನಂಬರೇ. ಗುಮಾಸ್ತರು ಬಾಯಿ ತೆರೆಯುವ ಮೊದಲೇ ಅಕ್ಕ, “ಬಂದ್ಲಾ ಆ ಕತ್ತೆ?” ಎಂದು ಅರಚುತ್ತಿದ್ದಳು, ಅವರು ರಿಸೀವರನ್ನು ಕಿವಿಯಿಂದ ದೂರ ಹಿಡಿಯಬೇಕಾಗುತ್ತಿತ್ತು. “ಮಂಡಿ ಹೇಗಿದೆ ಕೇಳಿ. ಚೆನ್ನಾಗಿದೆ ಅಂತಾಳೆ, ನಂಬ್ಬೇಡಿ.” ಕಂಡಕ್ಟರಮ್ಮನಿಗೆ ನಾಚಿಕೆಯಿಂದ ಸಾಕುಸಾಕಾಗುತ್ತಿತ್ತು. ಆ ಬೈಗುಳಕ್ಕಾಗಿಯೇ ಅಷ್ಟು ದೂರ ನಡೆಯುತ್ತಿದ್ದಳೋ ಏನೋ.

ಅಕ್ಕ ತೀರಿಹೋಗಿ ಎಂಟು ತಿಂಗಳಾಗಿತ್ತು. ಈ ಸಲ ಹೊರಡುವ ಚೌಕಿಯಲ್ಲಿ ಪೆನ್ನು ಹಿಡಿದು ಬಹಳ ಹೊತ್ತು ನಿಂತಿದ್ದಳು. ಸಾಲಿನಲ್ಲಿ ಹಿಂದಿದ್ದವರು ಗೊಣಗತೊಡಗಿದಾಗ ಬಾಯಿಪಾಠವಿದ್ದ ಇನ್ನೊಂದೇ ನಂಬರನ್ನು ಬರೆದುಬಿಟ್ಟಿದ್ದಳು.

ಗುಮಾಸ್ತ ಒಂದೊಂದೇ ಅಂಕಿ ಒತ್ತಿದ. ಅವಳ ಬೆನ್ನ ಮೇಲೆ, ಚೀಲದೊಳಗೆ, ಫೋನು ರಿಂಗಾಯಿತು.

ಅವನು ಚೀಲ ನೋಡಿದ, ರಿಜಿಸ್ಟರು ನೋಡಿದ, ಅವಳನ್ನು ನೋಡಿದ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವಳಿಗೆ. ಅವನು ರಿಸೀವರ್ ಇಡಲಿಲ್ಲ. ಕಿಟಕಿಯ ಕಡೆ ಮುಖ ತಿರುಗಿಸಿ ಕಾಯುತ್ತ ಕುಳಿತ.

ಅವಳು ಚೀಲ ಇಳಿಸಿ, ಒದ್ದೆ ಕಾಲುಚೀಲಗಳ ಅಡಿಯಿಂದ ಫೋನು ತೆಗೆದು ಕಿವಿಗಿಟ್ಟಳು.

“ಹಲೋ, ಕೊನೇ ಚೌಕಿಯಿಂದ ಮಾತಾಡ್ತಿರೋದು,” ಎಂದ ಗುಮಾಸ್ತ, ಕಿಟಕಿಗೆ ಹೇಳುವಂತೆ. “ನಿಮ್ಮವರು ಕ್ಷೇಮವಾಗಿ ತಲುಪಿದ್ದಾರೆ.”

ಅವಳು ಫೋನನ್ನು ಕಿವಿಗೆ ಒತ್ತಿಕೊಂಡು, “ಬಂದ್ಲಾ ಆ ಕತ್ತೆ?” ಎಂದಳು.

“ಬಂದ್ರು.”

“ಮಂಡಿ ಹೇಗಿದೆ ಕೇಳಿ.”

ಗುಮಾಸ್ತ ಈಗ ಅವಳ ಕಡೆ ತಿರುಗಿದ. “ಮಂಡಿ ಹೇಗಿದೆಯಮ್ಮ?”

ಅವಳು ಕುರ್ಚಿ ಎಳೆದುಕೊಂಡು ಮೆಲ್ಲಗೆ ಕೂತಳು. ಫೋನು ಇನ್ನೂ ಕಿವಿಯಲ್ಲೇ ಇತ್ತು.

“ನೋಯ್ತಿದೆ,” ಎಂದಳು.